ಏಳನೆಯ ಮರದ ಕೆಂಪು ಪಟ್ಟಿ

ಕತ್ತಲಗೆರೆ
10-2-2025, ಸೋಮವಾರ

ಪ್ರೀತಿಯ ಮಾವಾ,

ಆಪರೇಷನ್ ಆದ ಮೊಣಕಾಲು ಹೇಗಿದೆ? ಸೊಕ್ಕೆಯಲ್ಲಿ ನಿಮ್ಮ ಅಕ್ಕ ಉಚ್ಚಂಗೆಮ್ಮನವರು ದಿನಾ ನಿಮ್ಮನ್ನು ನಡೆಸುತ್ತಿದ್ದಾರಾ, ಇಲ್ಲಾ ನೀವೇ ಅವರನ್ನು ಮಾತಿಗೆ ಕೂರಿಸಿಬಿಡುತ್ತೀರಾ? ನನ್ನ ಬರವಣಿಗೆ ನೋಡಿ ನಗಬೇಡಿ, ಕಾನ್ವೆಂಟಿನಲ್ಲಿ ಕಲಿಸಿದ ಒತ್ತಕ್ಷರಗಳು ಇಷ್ಟೇ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ದನಿ ಕೇಳಿದರೆ ನನಗೆ ಮಾತೇ ಹೊರಡುವುದಿಲ್ಲ.

ನೀವು ಕಡಿಯಲು ಹೇಳಿದ್ದ ಬದುವಿನ ಆರು ಸಿಲ್ವರ್ ಓಕ್ ಮರಗಳು ಸಾಮಿಲ್ಲಿನಿಂದ ಹಲಗೆಯಾಗಿ ಬಂದಿವೆ. ಅಬ್ಬಾ, ಎಷ್ಟು ಚೆಂದ ಮಾವಾ! ಹಲಗೆಯ ತುಂಬ ಲೇಸ್ ಹೆಣೆದ ಹಾಗೆ ಮಿನುಗುವ ಚುಕ್ಕಿಗಳು. ನಮ್ಮ ಹೊಸ ಮಂಚಕ್ಕೂ ಬೀರುವಿಗೂ ಸಾಕಂತೆ. ವಿನೋದ್ ಅಂತೂ ಅಳತೆ ಟೇಪು ಹಿಡಿದು ಮೂರು ಸಲ ಮನೆ ಸುತ್ತಿದರು. ಅವರ ಜೊತೆ ನಗಲು ಮಾತ್ರ ನನಗಾಗಲಿಲ್ಲ. ಬಾವಿ ಪಕ್ಕದ ಏಳನೆಯದು, ಕಸ್ತೂರಮ್ಮ ಅತ್ತೆ ತೀರಿಕೊಳ್ಳುವ ಮುಂಚೆ ಕೈಯಾರೆ ನೆಟ್ಟು ಮೆಣಸಿನ ಬಳ್ಳಿ ಹಬ್ಬಿಸಿದ್ದ ಮರವೂ ಆ ಹಲಗೆಗಳಲ್ಲೇ ಇದೆ. ಬಳ್ಳಿ ನೆಲದ ಮೇಲೆ ಬಾಡಿ ಬಿದ್ದಿದೆ.

ಅವತ್ತು ಸ್ಪೀಕರ್ ಫೋನಿನಲ್ಲಿ ನೀವು ಬೈಲಪ್ಪನಿಗೆ, “ಇಪ್ಪತ್ತು ವರ್ಷ ನಮ್ಮ ಮರ ಕಡ್ದೋನಿಗೆ ಯಾವ್ದು ಬಿಡ್ಬೇಕು ಅಂತ ಗೊತ್ತಾಗಾಕಿಲ್ವೇನೋ? ಇನ್ನ ನಮ್ಮ ಹೊಲಕ್ಕೆ ಕಾಲಿಡಬ್ಯಾಡ” ಎಂದಿರಿ. ಅವನು, “ಕಡಿಯೋ ಗುರ್ತು ಇತ್ತು ಯಜಮಾನ್ರೆ. ಕೆಂಪು ಪಟ್ಟಿ ಅದಕ್ಕೂ ಇತ್ತು, ನೀವೇ ಹೊಡಸಿರ್ಬೇಕು ಅನ್ಕಂಡೆ” ಅಂದ. ನೀವು ನಂಬಲಿಲ್ಲ. ತೋರಿಸೋಣವೆಂದರೆ ಮರ ಆಗಲೇ ಸಾಮಿಲ್ಲಿಗೆ ಹೋಗಿತ್ತು, ಸಿಪ್ಪೆಯೂ ಉಳಿದಿರಲಿಲ್ಲ. ಅವನು ಕೊಡಲಿ ಹೆಗಲಿಗೇರಿಸಿ ಹೋದವನು ಈ ಕಡೆ ಬಂದೇ ಇಲ್ಲ.

ಉಚ್ಚಂಗೆಮ್ಮನವರಿಗೆ ನನ್ನ ನಮಸ್ಕಾರ ಹೇಳಿ. ಕೋಲು ಬಿಟ್ಟು ಬೇಗ ಮನೆಗೆ ನಡೆದು ಬನ್ನಿ. ಆಶೀರ್ವಾದ ಕೇಳುವ ಧೈರ್ಯ ಇವತ್ತು ನನಗಿಲ್ಲ.

ನಿಮ್ಮ ಸೊಸೆ,
ಕಾವ್ಯಶ್ರೀ

ತಾ.ಕ.: ಆ ಪಟ್ಟಿ ಬಳಿದವಳು ನಾನು. ಹೈವೇ ಮರಗಳಿಗೆ ಕೆಂಪು-ಬಿಳಿ ಬಳಿದಿರುತ್ತಾರಲ್ಲ, ನೀವು ಆ ಆರು ಮರಗಳಿಗೆ ಹೊಡೆಸಿದ್ದ ಪಟ್ಟಿಯೂ ಅಂಥದೇ ಸಿಂಗಾರ ಅಂದುಕೊಂಡೆ. ಅತ್ತೆಯ ಮರವೊಂದೇ ಬೋಳಾಗಿ ನಿಂತಿದೆ ಎಂದು ಡಬ್ಬಿಯಲ್ಲಿ ಉಳಿದ ಬಣ್ಣವನ್ನು ಅದಕ್ಕೂ ಬಳೆಯ ಹಾಗೆ ಬಳಿದು, ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದೆ. ಫೋಟೋ ಇದರೊಳಗಿದೆ. ಬೆಳಿಗ್ಗೆ ವಿನೋದ್‌ಗೆ ಎಲ್ಲ ಹೇಳಿದೆ. ಈಗ ಇಬ್ಬರೂ ಬೈಲಪ್ಪನ ಮನೆಗೆ ಹೊರಟಿದ್ದೇವೆ. ನೀವೂ ಅವನಿಗೊಂದು ಫೋನ್ ಮಾಡಿ. ನಿಮ್ಮ ಬೈಗುಳ ಕೇಳುತ್ತಾ ನಿಂತಾಗ ಅವನು ನನ್ನ ಉಗುರಿನ ಸಂದಿಯ ಕೆಂಪು ಬಣ್ಣ ನೋಡಿದ್ದ, ಮಾವಾ. ನನ್ನ ಹೆಸರು ಹೇಳಲಿಲ್ಲ. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.