ರೇಡಿಯೋದಲ್ಲಿ ಹೇಳಿದ ಜಾಗ

ಆಗಸ್ಟ್ 14, ಗುರುವಾರ. ತಾಲೆಕ್.

ಮೆಕ್ಕೆಜೋಳದ ಮುದ್ದೆ, ಉಗಾಲಿ, ತಟ್ಟೆಯಲ್ಲೇ ಆರಿದೆ. ಊಟ ಸೇರಲಿಲ್ಲ.

ಬೆಳಿಗ್ಗೆ 7.20ಕ್ಕೆ ಹುಲ್ಲಿನಲ್ಲಿ ಅಡಗಿದ್ದ ಚೀತಾದ ನಾಲ್ಕು ಮರಿಗಳನ್ನು ನಾನೇ ಮೊದಲು ಕಂಡೆ. ತಾಯಿ ಬೇಟೆಗೆ ಹೋಗಿತ್ತು. ಮೊದಲು ಕಂಡವನು ಉಳಿದ ಸಫಾರಿ ಚಾಲಕರಿಗೆ ರೇಡಿಯೋದಲ್ಲಿ ಜಾಗ ತಿಳಿಸಬೇಕು ಎಂಬುದು ನಮ್ಮೊಳಗಿನ ಕಟ್ಟಳೆ. ಮರಿಗಳು ತೀರ ಚಿಕ್ಕವು, ಅದಕ್ಕೇ ಸುಮ್ಮನಿದ್ದೆ.

ದೂರದಿಂದ ನನ್ನ ಗಾಡಿ ನಿಂತದ್ದನ್ನು ಇನ್ನೊಬ್ಬ ಚಾಲಕ ಸಂಕಾಲೆ ನೋಡಿದ್ದ. ರೇಡಿಯೋದಲ್ಲಿ ಕೆಣಕಿದ: "ಏನಪ್ಪಾ ಲೆಕಾಟೂ, ಗಾಡೀಲೇ ನಿದ್ದೆ ಹೊಡೀತಿದೀಯಾ? ಒಬ್ನೇ ನುಂಗ್ಬೇಡ. ನಮ್ ಗಾಡೀಲೂ ಕಣ್ಣಿರೋರೇ ಕೂತಿದಾರೆ."

ಹೇಳಿಬಿಟ್ಟೆ.

ಇಪ್ಪತ್ತು ನಿಮಿಷದಲ್ಲಿ, ನನ್ನದೂ ಸೇರಿ, ಹದಿನಾಲ್ಕು ಗಾಡಿಗಳು. ಮರಿಗಳಿಗೆ ಮರೆಯಾಗಿದ್ದ ಹುಲ್ಲು ಚಕ್ರಗಳಡಿ ಮಲಗಿತು. ಗಾಡಿಗಳ ಸಾಲನ್ನೇ ಹಿಡಿದು ಒಂದು ಕತ್ತೆಕಿರುಬ ನಡೆದು ಬಂತು. ಮೂರು ಮರಿಗಳನ್ನು ಕೊಲ್ಲಲು ಅದಕ್ಕೆ ಮೂರು ನಿಮಿಷವೂ ಬೇಕಾಗಲಿಲ್ಲ. ನಾಲ್ಕನೆಯದು ನನ್ನ ಗಾಡಿಯ ಕೆಳಗೆ ನುಸುಳಿತು.

"ಯಾರೂ ಇಂಜಿನ್ ಮುಟ್ಬೇಡ್ರಪ್ಪ," ಎಂದ ಸಂಕಾಲೆ. ಅವನ ಧ್ವನಿ ಗುರುತೇ ಸಿಗಲಿಲ್ಲ.

ಹನ್ನೊಂದಕ್ಕೆ ತಾಯಿ ಬಂತು. ಹಕ್ಕಿಯಂತೆ ಕರೆಯಿತು. ಉಳಿದ ಮರಿ ನನ್ನ ಗಾಡಿಯಡಿಯಿಂದ ಹೊರಬಂತು. ತಾಯಿ ಅದನ್ನು ನೆಕ್ಕಿತು, ಆದರೆ ಹೊರಡಲಿಲ್ಲ. ಪಕ್ಕದ ಗಾಡಿಯ ಕೆಳಗೆ ಬಗ್ಗಿ ನೋಡಿತು. ಆಮೇಲೆ ಅದರಾಚೆಯದು. ಹೀಗೆ ಹದಿನಾಲ್ಕೂ ಗಾಡಿಗಳ ಕೆಳಗೆ, ಒಂದೊಂದಾಗಿ, ಕರೆಯುತ್ತಾ. ಮುಗಿಸಿ, ಮತ್ತೆ ನನ್ನ ಗಾಡಿಯಿಂದ ಶುರು ಮಾಡಿತು.