ಅಮಾವಾಸ್ಯೆಯ ಬೆಳಿಗ್ಗೆ ಹೊಸ್ತಿಲಿಗೆ ಬಂದ ಚೀಲ

ಅವ್ವಾ,

ನೀನು ಹೋದಮೇಲೆ ನಿನ್ನ ಜೊತೆ ಮಾತಾಡಿದ್ದಕ್ಕಿಂತ ಜಗಳ ಆಡಿದ್ದೇ ಹೆಚ್ಚು. ಒಲೆ ಮುಂದೆ ನಿಂತಾಗ, ಹೊಲಿಗೆ ಮಷಿನ್ ತುಳಿಯುವಾಗ, ಮನಸ್ಸಿನಲ್ಲೇ ನಿನ್ನನ್ನು ಬೈಯುತ್ತಿರುತ್ತೇನೆ. ಇವತ್ತು ಬರೆಯಲು ಕೂತದ್ದು ಬೈಯುವುದಕ್ಕಲ್ಲ, ಒಂದು ಸುದ್ದಿ ಹೇಳುವುದಕ್ಕೆ. ಆದರೆ ಸುದ್ದಿಗೆ ಮೊದಲು ಸ್ವಲ್ಪ ಬೈದೇ ಬೈಯುತ್ತೇನೆ, ಸಹಿಸಿಕೋ.

ಇಳಕಲ್ಲಿನ ಮನೆಯಲ್ಲಿ ನೀನು ಮಂಚ ಹಿಡಿದಾಗ ನಾನು ಬಾಗಲಕೋಟೆಯಿಂದ ಬಂದು ನಿನ್ನ ಕಾಲ ಬಳಿ ಕೂತಿದ್ದೆ, ನೆನಪಿದೆಯಾ? ಏನು ಮಾಡಿ ಹಾಕಿದರೂ ನಿನಗೆ ಸೇರುತ್ತಿರಲಿಲ್ಲ. ನನ್ನ ಸಾರಿಗೆ ಮುಖ ತಿರುಗಿಸಿದೆ. ನಿನ್ನ ತಂಗಿ ನೀಲವ್ವ, ಪಾಪ, ನಮ್ಮ ಚಿಗವ್ವ, ಕಾಯಿಸಿದ ಗಂಜಿಯನ್ನು ಉಗುಳಿದೆ. ಹಿಂದಿನ ಓಣಿಯ ಶಂಕ್ರವ್ವ ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಿದ್ದ ಪುಂಡಿಪಲ್ಯ ಮಾತ್ರ ನಿನ್ನ ನಾಲಿಗೆಗೆ ಹತ್ತಿತು. ಬಟ್ಟಲು ಬಳಿದು ತಿಂದು, “ಮಾಡಿದ ಕೈಗೆ ಪುಣ್ಯಾ ಬರ್ಲಿ ನೋಡವಾ” ಅಂದಿದ್ದೆ. ನನಗೆ ಎಂಥ ಹೊಟ್ಟೆಕಿಚ್ಚಾಗಿತ್ತು! ಅದೇ ಸಂಜೆ ನನ್ನ ಕೈ ಹಿಡಿದು, “ಸರೂ, ನೀಲವ್ವಗ ಸಕ್ಕರಿ ಬ್ಯಾನಿ. ಈರಣ್ಣ ಹುಂಬ ಅದಾನ. ಇಬ್ಬರನೂ ಕೈ ಬಿಡಬ್ಯಾಡ” ಅಂದೆ. ನಾನು ಹೂಂ ಅಂದೆ. ಊರೂರೇ ಬಾಗಿಲು ಹಾಕಿಕೊಳ್ಳುವ ಕಾಲ ಬರುತ್ತದೆ ಅಂತ ನಿನಗಾದರೂ ಗೊತ್ತಿತ್ತೇ, ನನಗಾದರೂ ಗೊತ್ತಿತ್ತೇ?

ಗಂಗವ್ವನ ಆಡು ಹಾಸಿನೊಳಗೆ ನುಗ್ಗಿದ ದಿನ ನಾನಿನ್ನೂ ಲಂಗ ಉಡುವ ಹುಡುಗಿ. ಮಗ್ಗಕ್ಕೆ ಏರಿಸುವ ನೂಲನ್ನು ನೀವು ಓಣಿಯುದ್ದಕ್ಕೂ ಎಳೆದು ಕಟ್ಟಿದ್ದಿರಿ. ಪಕ್ಕದ ಮನೆಯ ಗಂಗವ್ವನ ಆಡು ಹಗ್ಗ ಬಿಚ್ಚಿಕೊಂಡು ಓಡಿ ಬಂದು ಎಳೆಗಳನ್ನೆಲ್ಲ ಕಡಿದು ಹಾಕಿತು. ನೀನು ಬಾಯಿಗೆ ಬಂದದ್ದು ಅಂದೆ. ಅವಳೇನು ಸುಮ್ಮನಿದ್ದಳೇ? ಅವತ್ತು ನಿಂತ ಮಾತು ಮತ್ತೆ ಹತ್ತಲಿಲ್ಲ. ನೀನು ಕಣ್ಣು ಮುಚ್ಚಿದಾಗಲೂ ಅವಳು ತನ್ನ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬರಲಿಲ್ಲ. ಆಡು ಸತ್ತು ಎಷ್ಟೋ ಕಾಲವಾಗಿತ್ತು, ಜಗಳ ಮಾತ್ರ ಗಟ್ಟಿಯಾಗಿ ಬದುಕಿತ್ತು.

ಓಣಿಯ ಬಾಯಿಗೆ ಬಿದಿರು ಕಟ್ಟಿದ ಸುದ್ದಿಯನ್ನು ನಿನ್ನ ತಮ್ಮ, ಈರಣ್ಣ ಮಾಮನೇ ಫೋನಿನಲ್ಲಿ ಹೇಳಿದ. ಅದೂ ಏನೋ ಮದುವೆ ಸುದ್ದಿ ಹೇಳುವವನ ಹಾಗೆ!

“ಮೂಲಿಮನಿಯಾಗ ರೋಗ ಬಂದೈತಿ. ಓಣಿ ಬಂದ್ ಮಾಡ್ಯಾರ. ನೀ ಏನ್ ಕಾಳಜಿ ಮಾಡಬ್ಯಾಡ, ಹಿಂದಿನ ಸಂದಿಯಿಂದ ನಾ ಬಜಾರಕ ಹೋಗಿ ಬರ್ತೇನಿ.”

“ಮಾಮಾ, ಹೊಸ್ತಿಲಾ ದಾಟಿದ್ರ ನೋಡು! ನಿನ್ನ ಎದಿ ಹೆಂಗೈತಿ ನಿನಗ ಗೊತ್ತಿಲ್ಲೇನು?”

“ಏನಾಗೇತಿ ನನ್ನ ಎದಿಗಿ?” ಅನ್ನುವಷ್ಟರಲ್ಲಿ ಅವನಿಗೆ ಕೆಮ್ಮು ಹತ್ತಿತು. ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ವಯಸ್ಸೆಲ್ಲ ಕಲ್ಲಿನ ಧೂಳು ಕುಡಿದವನು. ಮೆಟ್ಟಿಲು ಹತ್ತಿದರೆ ಏದುಸಿರು. ಆ ರೋಗ ಅವನನ್ನು ಮುಟ್ಟಿದರೆ ಉಳಿಯುವುದಿಲ್ಲ ಅಂತ ಡಾಕ್ಟರು ಬಾಯಿ ಬಿಟ್ಟು ಹೇಳಿದ್ದರು. ಚಿಗವ್ವನಿಗೋ ದಿನಾ ಬೆಳಿಗ್ಗೆ ಸೂಜಿ, ಸೂಜಿಯ ಬೆನ್ನಿಗೆ ಊಟ. ಇವರಿಬ್ಬರು ಅಲ್ಲಿ, ನಾನು ಇಲ್ಲಿ ನವನಗರದಲ್ಲಿ, ನಡುವೆ ಊರೂರಿಗೂ ಪೊಲೀಸರು. ಕೈ ಬಿಡಬೇಡ ಅಂತ ನೀನು ಸಲೀಸಾಗಿ ಹೇಳಿ ಹೋದೆ. ಯಾವ ಕೈ ಅವ್ವಾ? ಎಷ್ಟು ಉದ್ದದ ಕೈ?

ಇಳಕಲ್ಲಿನ ಒಂದು ಸೂಪರ್ ಮಾರ್ಟಿನವರು ಮನೆಗೆ ಸಾಮಾನು ಕಳಿಸುತ್ತಾರೆ ಅಂತ ಗೊತ್ತಾದ ದಿನ ನಾನು ಮಾಸ್ಕ್ ಹೊಲಿಯುವುದನ್ನು ಬಿಟ್ಟು ಎದ್ದು ಕುಣಿದಿದ್ದೆ. ಕುಣಿದದ್ದಷ್ಟೇ ಬಂತು. ಫೋನ್ ಮಾಡಿದರೆ ಎತ್ತುವುದಿಲ್ಲ. ವಾಟ್ಸ್ಯಾಪಿನಲ್ಲಿ ಬರೆದರೆ “ಇವತ್ತಿನ ಆರ್ಡರ್ ಮುಗಿದಾವ, ನಾಳೆ ಹಾಕ್ರಿ”. ನಾಳೆ ಹಾಕಿದರೆ “ಆ ಓಣಿ ಸೀಲ್ ಆಗೇತ್ರಿ, ಆಗೂದಿಲ್ಲ”. ನಾನು ಬಿಡುತ್ತೇನೆಯೇ? ನಿನ್ನ ಮಗಳು. ಅವರ ತಲೆ ತಿಂದು, ಬೇಡಿಕೊಂಡು, ಬೈದು, ಕೊನೆಗೆ ಅವರ ಸಾಮಾನು ಸಾಗಿಸುವ ಆಟೋದ ರಾಜೇಸಾಬನ ನಂಬರ್ ಹಿಡಿದೆ. “ಅಕ್ಕಾರ, ಮುಂಜಾನೆ ಜಲ್ದಿ ಬಿಡ್ತಾರ್ರಿ. ಬಾಗಲಾ ಬಡದು, ಕಟ್ಟಿ ಮ್ಯಾಲಿಟ್ಟು, ಹಿಂದ ಸರಿದು ಬಂದುಬಿಡ್ತೇನಿ. ಕೈಯಾಗ ಕೊಡಬಾರದಂತ ಆರ್ಡರ್ ಐತ್ರಿ” ಅಂದ. ಆಗಲಿ ಪುಣ್ಯಾತ್ಮ, ಆಕಾಶದಿಂದ ಬೇಕಾದರೂ ಇಳಿಸು ಅಂದೆ.

ಏನೇನು ಬರೆಸಿದೆ ಅಂತ ಕೇಳು. ಜೋಳದ ಹಿಟ್ಟು, ತೊಗರಿಬೇಳೆ, ಎಣ್ಣೆ, ಮಾಮನ ಚಹಾಕ್ಕೆ ಸಕ್ಕರೆ. ಆ ದಿನಗಳಲ್ಲಿ ಎಲ್ಲರೂ ಬಿಸಿನೀರಿಗೆ ನಿಂಬೆಹಣ್ಣು, ಅರಿಶಿನ ಹಾಕಿ ಕುಡಿಯುತ್ತಿದ್ದರಲ್ಲ, ಅವನ್ನೂ ಸೇರಿಸಿದೆ. ಚಿಗವ್ವನ ಪೂಜೆಗೆ ಇರಲಿ ಅಂತ ತೆಂಗಿನಕಾಯಿ, ಕುಂಕುಮ. ಒಣಮೆಣಸಿನಕಾಯಿಯೂ ಒಂದಿಷ್ಟು. ಮನೆಗೆ ಫೋನ್ ಮಾಡಿ “ನಾಳೆ ಮಾರ್ಟಿನವರು ಸಾಮಾನ ತರ್ತಾರ” ಅಂದೆ. ಮಾಮ ದೊಡ್ಡ ಗಾಡಿ ಬರುತ್ತದೆ, ಹಾರ್ನ್ ಹೊಡೆದು ಹೆಸರು ಕೂಗುತ್ತಾರೆ ಅಂದುಕೊಂಡಿದ್ದನಂತೆ. ಮರುದಿನ ಅಮಾವಾಸ್ಯೆ ಅನ್ನುವುದು ನನ್ನ ತಲೆಯಲ್ಲಿ ಸುಳಿಯಲೇ ಇಲ್ಲ. ನೀನಿದ್ದಿದ್ದರೆ ಹೇಳುತ್ತಿದ್ದೆ.

ಬೆಳಿಗ್ಗೆ ರಾಜೇಸಾಬ ಫೋಟೋ ಕಳಿಸಿದಾಗ ನಾನು ದೇವರಿಗೆ ಕೈ ಮುಗಿದೆ. ನಮ್ಮ ಮನೆಯದೇ ಹಸಿರು ಬಾಗಿಲು, ಅದರ ಮುಂದೆ ಚೀಲ. “ಬಾಗಲಾ ಬಡದೇನ್ರಿ, ಯಾರೂ ತಗೀಲಿಲ್ಲ. ಇಡೂಮುಂದ ಒಂಚೂರು ಚೆಲ್ಲೇತ್ರಿ, ಸಿಟ್ಟಾಗಬ್ಯಾಡ್ರಿ” ಅಂತ ಕೆಳಗೆ ಬರೆದಿದ್ದ. ಚೆಲ್ಲಿದರೆ ಚೆಲ್ಲಲಿ, ಮುಟ್ಟಿತಲ್ಲ. ನೆಮ್ಮದಿಯಾಗಿ ಚಹಾ ಕುಡಿದು, ಎರಡು ಜಂಪರ್ ಕತ್ತರಿಸಿ, ಆಮೇಲೆ ಫೋನ್ ಮಾಡಿದೆ.

“ಸಾಮಾನ ಬಂತಿಲ್ಲೋ ಮಾಮಾ?”

“ಯಾ ಸಾಮಾನ? ಏನೂ ಬಂದಿಲ್ಲ.” ಅವನ ದನಿ ಇಳಿದಿತ್ತು. “ಸರೂ, ನಮಗ ಯಾರೋ ಮಾಟಾ ಮಾಡಿಸ್ಯಾರ. ನೀಲವ್ವ ನೀರ ಹಾಕಾಕ ಬಾಗಲಾ ತಗದ್ರ ಹೊಸ್ತಿಲದಾಗ ಕೆಂಪ ಗಂಟು. ಕುಂಕಮಾ ಚೆಲ್ಯಾರ. ಲಿಂಬಿಕಾಯಿ, ತೆಂಗಿನಕಾಯಿ, ಮೆಣಸಿನಕಾಯಿ… ಅಮಾಸಿ ದಿನಾನ ನೋಡಿ ಮಾಡ್ಯಾರ.”

ನಾನು ಫೋಟೋ ತೆಗೆದು ಇನ್ನೊಮ್ಮೆ ನೋಡಿದೆ. ಅಯ್ಯೋ ಶಿವನೇ! ಮಾರ್ಟಿನವರ ಕೆಂಪು ಬಟ್ಟೆಯ ಚೀಲ, ಒಡೆದ ಕುಂಕುಮದ ಪೊಟ್ಟಣ, ಹೊಸ್ತಿಲ ಮೇಲೆ ಉರುಳಿದ ನಿಂಬೆಹಣ್ಣು. ಹಿಟ್ಟು, ಬೇಳೆ ಎಲ್ಲ ತಳದಲ್ಲಿ. ನಾನೇ ಆ ಬಾಗಿಲು ತೆಗೆದಿದ್ದರೂ ಚೀರಿಕೊಂಡು ಒಳಗೆ ಓಡುತ್ತಿದ್ದೆ. ನಗು ಬಂತು ಅವ್ವಾ. ಗಟ್ಟಿಯಾಗಿ ನಕ್ಕೆ.

“ಮಾಮಾ, ಅದ ಸಾಮಾನೋ! ಎಲ್ಲೈತಿ ಅದು?”

“ನಾ ಮುಟ್ಟತೇನೇನು? ಕೋಲಲೆ ನೂಕಿ ಗಂಗವ್ವನ ಬಾಗಲಾಗ ಬಿಟ್ಟೇನಿ. ಆಕೀದ ಕೆಲಸ ಇದು. ಆಕೀದು ಆಕಿಗೇ ಮುಟ್ಟಲಿ.”

“ಚಿಗವ್ವ ಏನ್ ತಿಂದಾಳ?”

“ಏನೂ ಇಲ್ಲ” ಅಂದ. ನನ್ನ ನಗು ಅಲ್ಲಿಗೇ ನಿಂತಿತು. ಹಿಂದಿನ ದಿನವೇ ಮನೆಯಲ್ಲಿ ಹಿಟ್ಟು ತೀರಿತ್ತಂತೆ. ನಾನು ಗಾಬರಿಯಾಗುತ್ತೇನೆ ಅಂತ ಇಬ್ಬರೂ ಮುಚ್ಚಿಟ್ಟಿದ್ದರು. ಸಾಮಾನು ಬಂದೇ ಬರುತ್ತದೆ ಅನ್ನುವ ಭರವಸೆಯಲ್ಲಿ ಚಿಗವ್ವ ಎದ್ದ ಕೂಡಲೇ ಸೂಜಿ ಚುಚ್ಚಿಕೊಂಡಿದ್ದಳು. ಆಮೇಲೆ ಬಾಗಿಲು ತೆಗೆದಳು.

“ಮಲಗ್ಯಾಳ” ಅಂದ ಮಾಮ. “ಮೈಯೆಲ್ಲಾ ಬೆವರು. ಏನೇನೋ ಮಾತಾಡಾಕತ್ಯಾಳ. ಅಕ್ಕಾ ಅಕ್ಕಾ ಅಂತಾಳ. ಮಾಟಾ ಹತ್ತೇತಿ ಆಕಿಗಿ.”

“ಮಾಟಾ ಅಲ್ಲೋ! ಸಕ್ಕರಿ ಇಳದೈತಿ! ಬಾಯಾಗ ಸಕ್ಕರಿ ಹಾಕು, ಬೆಲ್ಲಾ ಹಾಕು!”

“ಸಕ್ಕರಿ ತೀರಿ ಎಂಟ ದಿನಾ ಆತು. ನಾ ಬಜಾರಕ ಓಡ್ತೇನಿ…”

“ಬ್ಯಾಡ! ಆ ಚೀಲದಾಗ ಐತಿ ಸಕ್ಕರಿ! ಮಾಮಾ, ಗಂಗವ್ವನ ಬಾಗಲಾಗ…” ಫೋನು ಎಲ್ಲೋ ಬಿದ್ದ ಸದ್ದಾಯಿತು, ಕಟ್ ಆಯಿತು.

ಆ ಹೊತ್ತನ್ನು ಹೇಗೆ ಕಳೆದೆ ಅಂತ ನನ್ನನ್ನು ಕೇಳಬೇಡ. ಮತ್ತೆ ಮಾಡಿದೆ, ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ರಾಜೇಸಾಬನಿಗೆ ಮಾಡಿದರೆ ಅವನಾಗಲೇ ಗುಡೂರಿನ ಹಾದಿಯಲ್ಲಿದ್ದ, “ತಿರುಗಿ ಬಂದ್ರೂ ಓಣಿಯೊಳಗ ಬಿಡೂದಿಲ್ರಿ ಅಕ್ಕಾರ” ಅಂತ ಅವನೂ ಅಳುವ ಹಾಗಾದ. ಶಂಕ್ರವ್ವ ಮಗಳ ಊರಿಗೆ ಹೋಗಿ ಅಲ್ಲೇ ಸಿಕ್ಕಿಬಿದ್ದಿದ್ದಳು. ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಗಂಗವ್ವ ಇದ್ದಾಳೆ, ಅವಳ ನಂಬರ್ ನಮ್ಮಲ್ಲಿ ಒಬ್ಬರ ಬಳಿಯೂ ಇಲ್ಲ. ಯಾಕಿಲ್ಲ? ಆಡಿನ ದೆಸೆಯಿಂದ! ಅವತ್ತು ನಿನ್ನನ್ನು ಬೈದಷ್ಟು ಯಾವತ್ತೂ ಬೈದಿಲ್ಲ. ಚಿಗವ್ವ ಅಲ್ಲಿ ಕಣ್ಣು ಮೇಲೆ ಮಾಡುತ್ತಿರಬಹುದು. ಮಾಮ ಸಂದಿಯಲ್ಲಿ ಏದುಸಿರು ಬಿಡುತ್ತ ಬಜಾರಿನ ಜನದೊಳಗೆ ಹೊರಟಿರಬಹುದು. ಅವಳೂ ಹೋದರೆ, ಇವನೂ ಹೋದರೆ… ನಿನ್ನ ಅಳಿಯ ನೀರು ತಂದುಕೊಟ್ಟರೆ ಲೋಟ ನೂಕಿದೆ. ಮತ್ತೆ ಮತ್ತೆ ಅದೇ ನಂಬರ್ ಒತ್ತಿದೆ.

ಕೊನೆಗೆ ಯಾರೋ ಎತ್ತಿದರು. ಮಾಮನಲ್ಲ, ಹೆಂಗಸಿನ ದನಿ.

“ಯಾಕ ಹಿಂಗ ಬಡಕೊಳ್ಳಾಕತ್ತಿ? ಇನ್ನೂ ಸತ್ತಿಲ್ಲ ನಿಮ್ಮ ಚಿಗವ್ವ.”

“ಯಾರದು?”

“ಯಾರದು ಅಂದ್ರ? ಮಾಟಾ ಮಾಡ್ಸಾಕಿ.”

ಗಂಗವ್ವ! ಎಷ್ಟು ವರ್ಷದಮೇಲೆ ಕೇಳಿದ ದನಿ, ಆದರೂ ಗುರುತು ಹತ್ತಿತು. ಮಾಮ ಕೋಲಿನಿಂದ ಚೀಲ ನೂಕಿದ್ದನ್ನು ಅವಳು ಕಿಟಕಿಯಲ್ಲಿ ನೋಡಿದ್ದಳಂತೆ. ಅವಳೂ ಮೊದಲು ಹೆದರಿ ಬಾಗಿಲು ಹಾಕಿಕೊಂಡಳು. ಆಮೇಲೆ ಸಿಟ್ಟು ತಡೆಯಲಾಗಲಿಲ್ಲ. ಹೊರಗೆ ಬಂದು ಚೀಲ ಎತ್ತಿದರೆ ಭಾರ. ಮಾಟಕ್ಕೆ ಇಷ್ಟು ಜೋಳದ ಹಿಟ್ಟು ಯಾರು ಹಾಕುತ್ತಾರೆ? ಮೂಗಿಗೆ ಸೆರಗು ಕಟ್ಟಿ, ಚೀಲ ಹೊತ್ತು, ಈರಣ್ಣನ ಮುಖಕ್ಕೆ ಒಗೆಯಬೇಕು ಅಂತಲೇ ನಮ್ಮ ಮನೆಯೊಳಗೆ ನುಗ್ಗಿದ್ದಳು.

“ಜಗಳಾ ಮಾಡಾಕ ಬಂದಿದ್ದೆ ತಂಗಿ” ಅಂದಳು. “ಜಗಳಾ ಮಾಡಾಕ ಎದರಿನ ಮಂದಿಗಿ ಎಚ್ಚರ ಇರಬೇಕಲ್ಲ? ನಿಮ್ಮ ಮಾಮ ಚಪ್ಪಲ್ ಹುಡುಕಾಕತ್ತಿದ್ದ. ಕುಂಡ್ರು ಮೂಲ್ಯಾಗ ಅಂದೆ. ನನ್ನ ಗಂಡಗೂ ಇದ ಬ್ಯಾನಿ ಇತ್ತು, ಬೆವರು ನೋಡಿದ ಕೂಡ್ಲೆ ತಿಳೀತು. ಚೀಲದಾಗಿನ ಸಕ್ಕರಿ ಹಲ್ಲಲೆ ಹರದು ಬಾಯಿಗಿ ಹಾಕೇನಿ. ಈಗ ಕಣ್ಣ ಬಿಟ್ಟಾಳ. ನನ್ನ ನೋಡಿ ಮತ್ತ ಮುಚ್ಯಾಳ.”

ನಾನು ಅತ್ತೆ ಅವ್ವಾ. ಮನೆಮುಂದಿನ ನನ್ನ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ರಾಶಿಯ ನಡುವೆ ಕೂತು ಮಗುವಿನ ಹಾಗೆ ಅತ್ತೆ. “ಅಳಬ್ಯಾಡ, ರೊಟ್ಟಿ ಬಡೀತೇನಿ ಈಗ, ಒಲಿ ಎಲ್ಲೈತಿ ಅನ್ನೂದರ ಹೇಳು” ಅಂತ ಆ ಕಡೆಯಿಂದ ಗದರಿದಳು.

ಅವತ್ತಿನಿಂದ ಓಣಿ ತೆರೆಯುವವರೆಗೂ ಸಾಮಾನು ಗಂಗವ್ವನ ಹೆಸರಿಗೇ ಹೋಯಿತು. ಅವಳು ಚೀಲವನ್ನು ಬಿಸಿಲಿಗಿಟ್ಟು, ನಮ್ಮ ಬಾಗಿಲ ಮುಂದೆ ನಿಂತು “ನೀಲವ್ವಾ, ಮಾಟಾ ಬಂದೈತಿ ತಗೋ” ಅಂತ ಕೂಗಿ ದೂರ ಸರಿಯುತ್ತಿದ್ದಳು. ಚಿಗವ್ವ ಒಳಗಿಂದಲೇ “ನಿನ್ನ ಬಾಯಿಗಿಷ್ಟ ಮಣ್ಣ ಹಾಕ” ಅನ್ನುತ್ತಿದ್ದಳು. ಮಾಮನನ್ನು ಆ ರೋಗ ಮುಟ್ಟಲಿಲ್ಲ. ಈಗಲೂ ಇದ್ದಾನೆ, ಕೆಮ್ಮುತ್ತಾನೆ, ಮಾಟದ ಮಾತು ತೆಗೆದರೆ ಎದ್ದು ಹೋಗುತ್ತಾನೆ.

ಇನ್ನು ಸುದ್ದಿ. ಮೊನ್ನೆ ಇಳಕಲ್ಲಿಗೆ ಹೋದಾಗ ಗಂಗವ್ವ ಊಟಕ್ಕೆ ಕರೆದಳು. ಈಗ ಅವಳಿಗೆ ಮೊಣಕಾಲು ಹಿಡಿದಿದೆ. ಅವಳ ಸಾಮಾನನ್ನೂ ನಾನೇ ತರಿಸುತ್ತೇನೆ, ಬಾಗಿಲು ಬಡಿದು ಕೈಯಲ್ಲೇ ಕೊಡಬೇಕು ಅಂತ ಹೇಳಿಟ್ಟಿದ್ದೇನೆ. ಇರಲಿ. ಬಿಸಿ ರೊಟ್ಟಿ ಹಾಕಿದಳು, ಪಕ್ಕದಲ್ಲಿ ಪುಂಡಿಪಲ್ಯ. ಒಂದು ತುತ್ತು ಬಾಯಿಗಿಟ್ಟೆ, ಕೈ ಅಲ್ಲೇ ನಿಂತಿತು. ನಿನ್ನ ಬಟ್ಟಲಿನಲ್ಲಿ ಉಳಿದದ್ದನ್ನು ಕದ್ದು ನೆಕ್ಕಿದ್ದೆನಲ್ಲ ಆಗ, ಅದೇ ರುಚಿ.

“ಶಂಕ್ರವ್ವ ಮಾಡಿಕೊಟ್ಟಳೇನು?” ಅಂದೆ.

“ಶಂಕ್ರವ್ವಗ ಪುಂಡಿಪಲ್ಯಾ ಮಾಡಾಕ ಎಲ್ಲಿ ಬರತೈತಿ? ಆಕಿ ಬರೇ ಹೊತ್ತ ತಂದಕೊಡಾಕಿ.” ಗಂಗವ್ವ ಹಂಚಿನ ಕಡೆ ತಿರುಗಿಯೇ ಹೇಳಿದಳು. “ನಿಮ್ಮವ್ವ ಏನೂ ಉಣ್ಣವಲ್ಲಳು ಅಂತ ಗ್ವಾಡಿ ಈ ಕಡಿ ಕೇಳತಿತ್ತು. ಹೆಸರ ಹೇಳಬ್ಯಾಡ ಅಂದಿದ್ದೆ.”

ಕೇಳಿದೆಯಾ? ನಿನ್ನ ಕೊನೆಯ ತುತ್ತುಗಳು ಅವಳ ಒಲೆಯವು. ನೀನು ಅಂದ ಮಾತನ್ನು, ಮಾಡಿದ ಕೈಗೆ ಪುಣ್ಯ ಬರಲಿ ಅಂದದ್ದನ್ನು, ಅವಳಿಗೆ ಮುಟ್ಟಿಸಿದೆ. ಅವಳು ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಹಾಗೇ ಹಿಡಿದುಕೊಂಡು ಕೂತಳು. ಹಂಚಿನ ಮೇಲೆ ರೊಟ್ಟಿ ಸೀದಿತು.

“ನನ್ನ ಹೆಸರ ಹೇಳಿದ್ರ ಉಣ್ಣತಿದ್ಲೇನು ಆಕಿ?” ಅಂತ ಕೇಳಿದಳು.

“ಉಣ್ಣತಿದ್ಲು” ಅಂದೆ.

ನಿಜ ಏನು ಅಂತ ನಿನಗೆ ಗೊತ್ತು, ನನಗೂ ಗೊತ್ತು. ಅವಳು ಇನ್ನೊಮ್ಮೆ ಕೇಳಿದರೂ ನಾನು ಅದನ್ನೇ ಹೇಳುತ್ತೇನೆ. ನೀನು ಸುಮ್ಮನಿರು.

ನಿನ್ನ ಸರೂ