ಇವತ್ತು ಸೂಜಿಗೆ ದಾರ ಪೋಣಿಸಿಟ್ಟಿಲ್ಲ

ಅಪ್ಪ,

"ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ದಡ್ಡ ಸಾರ್ ಇವ್ನು, ಕೈಯೇ ನೆಟ್ಟಗಿಲ್ಲ" ಅಂತ ನಿನ್ನೆ ಅಂಗಡಿಯಲ್ಲಿ ಮೂವರು ಗಿರಾಕಿಗಳ ಮುಂದೆ ಒಂದು ಕೋಟಿನ ಸೊಟ್ಟ ಕಾಲರ್ ತೋರಿಸಿ ನನ್ನ ಬಗ್ಗೆ ಅಂದೆಯಲ್ಲ, ಆ ಕಾಲರ್ ಹೊಲಿದವನು ನೀನು. ಮೈಯೆಲ್ಲ ಉರಿದುಹೋಯಿತು. ಆದರೂ ಆ ತಪ್ಪನ್ನು ನನ್ನ ಮೇಲೇ ಹಾಕಿಕೊಂಡೆ.

ತಿಂಡಿ ಮುಚ್ಚಿಟ್ಟಿದ್ದೇನೆ, ಮೊದಲು ತಿನ್ನು. ಖಾಲಿ ಹೊಟ್ಟೆಗೆ ಸುರಿದುಕೊಳ್ಳಬೇಡ.

ಮೂರು ತಿಂಗಳಿಂದ ನೀನು ಏಳುವ ಮೊದಲೇ ಎಲ್ಲ ಸೂಜಿಗಳಿಗೂ ದಾರ ಪೋಣಿಸಿಡುತ್ತಿದ್ದೆ, ನಿನ್ನ ಕೈ ನಡುಗುವುದು ಯಾರಿಗೂ ಕಾಣದಿರಲಿ ಅಂತ. ವಯಸ್ಸಾಯಿತು ಅನ್ನುತ್ತೀಯ. ಎರಡು ಗುಟುಕು ಒಳಗೆ ಹೋದ ಕೂಡಲೇ ನಿಲ್ಲುವ ನಡುಕ ವಯಸ್ಸಿಗೆ ಬರುತ್ತದೇನು? ಅದು ಕುಡಿತದ ಕಾಯಿಲೆಯ ಗುರುತು ಅಂತ ಎದುರುಮನೆ ನರ್ಸಕ್ಕ ಹೇಳಿದರು. ಮುಚ್ಚಿಟ್ಟು ಮುಚ್ಚಿಟ್ಟು ಅದನ್ನು ಸಾಕಿದವನು ನಾನೇ. ಇವತ್ತು ಒಂದು ಸೂಜಿಗೂ ಪೋಣಿಸಿಲ್ಲ. ನೀನೇ ಕೂತು ನೋಡು.

ರೋಷಕ್ಕೆ ಬಿದ್ದು ಬಾಟಲಿ ಚೆಲ್ಲಲೂ ಬೇಡ. ಇಷ್ಟು ಕುಡಿದವರು ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರುತ್ತದಂತೆ, ಜೀವಕ್ಕೇ ಅಪಾಯವಂತೆ. ಡಾಕ್ಟರೇ ನಿಂತು ಬಿಡಿಸಬೇಕು. ಅಂಗಡಿ ತೆರೆಯಬೇಡ. ಹತ್ತು ಗಂಟೆಗೆ ಆಸ್ಪತ್ರೆಯ ಗೇಟಿನ ಹತ್ತಿರ ಇರುತ್ತೇನೆ. ಬೇಕಾದರೆ ಕುಡಿದೇ ಬಾ, ನನ್ನನ್ನು ಬೈದುಕೊಂಡೇ ಬಾ. ನೀನು ಬರುವವರೆಗೂ ಅಲ್ಲಿಂದ ಕದಲುವುದಿಲ್ಲ.

ಈಗ ಒಳಗಿನಿಂದ "ಎದ್ಯೇನೋ ಮರಿ?" ಅಂತ ಕೇಳುತ್ತಿದ್ದೀಯ. ಕುಡಿಯದ ಹೊತ್ತಿನ ನಿನ್ನ ದನಿ. ಅದಕ್ಕೆ ಓಗೊಟ್ಟರೆ ಹೋಗಲಾರೆ. ಈ ಚೀಟಿ ತಿಂಡಿ ತಟ್ಟೆಯ ಕೆಳಗಿಟ್ಟು ಹೊರಟೆ.